110 ಗಂಟೆ ಕಾದ ತೊಟ್ಟಿ

ವಿಸ್ಕಿ ಅಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ತಾಮ್ರದ ಹಂಡೆಯ ಮೇಲೆ. ನಮ್ಮ ಚಿಕ್ಕ ಡಿಸ್ಟಿಲರಿಗೆ ಬಂದವರೂ ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ, ಫೋಟೊ ತೆಗೆಯುತ್ತಾರೆ. ಆಮೇಲೆ ಪೀಪಾಯಿ ಇಟ್ಟ ಕೋಣೆ ಎಲ್ಲಿ ಅಂತ ಕೇಳುತ್ತಾರೆ. ಮೂಲೆಯಲ್ಲಿ ಮುಚ್ಚಳ ಹಾಕಿಕೊಂಡು ನಿಂತಿರುವ ಹುದುಗು ತೊಟ್ಟಿಯ ಬಗ್ಗೆ ಯಾರೂ ಕೇಳುವುದಿಲ್ಲ. ಮೊದಲ ಎರಡು ವರ್ಷ ನನಗೂ ಅದರ ಮೇಲೆ ಗಮನ ಇರಲಿಲ್ಲ. ರುಚಿ ಹುಟ್ಟುವುದು ಹಂಡೆಯಲ್ಲಿ, ಬೆಳೆಯುವುದು ಓಕ್ ಮರದಲ್ಲಿ, ತೊಟ್ಟಿ ಬರೀ ಆಲ್ಕೋಹಾಲ್ ಮಾಡುವ ಪಾತ್ರೆ ಅಂದುಕೊಂಡಿದ್ದೆ. ಆ ಲೆಕ್ಕ ತಪ್ಪು ಅಂತ ನನಗೆ ಗೊತ್ತಾದ ಕಥೆ ಇದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಪರವಾನಗಿ ಇರುವ ಜಾಗದಲ್ಲಿ ಮಾಡಿದ ಕೆಲಸ. ಬಹುತೇಕ ದೇಶಗಳಲ್ಲಿ ಪರವಾನಗಿ ಇಲ್ಲದೆ ಬಟ್ಟಿ ಇಳಿಸುವುದು ಅಪರಾಧ. ಅಪಾಯವೂ ಹೌದು, ಆಲ್ಕೋಹಾಲ್ ಆವಿಗೆ ಒಂದು ಕಿಡಿ ಸಾಕು.

ನಮ್ಮದು ಸಣ್ಣ ಅಳತೆ. ಒಂದು ಬ್ಯಾಚಿಗೆ 230 ಕಿಲೋ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಅದನ್ನು ಹಿಟ್ಟು ಮಾಡುವುದಿಲ್ಲ, ಒಡೆಯುತ್ತೇವೆ. ನೂರು ಪಾಲಿನಲ್ಲಿ 20 ಪಾಲು ಸಿಪ್ಪೆ, 70 ಪಾಲು ನುಚ್ಚು, 10 ಪಾಲು ಹಿಟ್ಟು, ಹೀಗೆ ಬರಬೇಕು. ಹಿಟ್ಟು ಜಾಸ್ತಿಯಾದರೆ ರಸ ಸೋರುವುದಿಲ್ಲ, ಮುದ್ದೆಯಾಗಿ ನಿಂತುಬಿಡುತ್ತದೆ. ಆ ನುಚ್ಚಿಗೆ ಬಿಸಿನೀರು ಸೇರಿಸಿ 64 ಡಿಗ್ರಿ ಸೆಲ್ಸಿಯಸ್ ಹತ್ತಿರ ನಿಲ್ಲಿಸುತ್ತೇವೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುವುದು ಅಲ್ಲೇ. ಸೋಸಿ ಬಂದ ಸಿಹಿ ರಸಕ್ಕೆ ವರ್ಟ್ ಅನ್ನುತ್ತಾರೆ. ಅದನ್ನು 20 ಡಿಗ್ರಿಗೆ ಇಳಿಸಿ, ತೊಟ್ಟಿಗೆ ಬಿಟ್ಟು, ಯೀಸ್ಟ್ ಹಾಕಿದರೆ ಎರಡು ದಿನದಲ್ಲಿ ಸುಮಾರು 8 ಶೇಕಡಾ ಆಲ್ಕೋಹಾಲ್ ಇರುವ 1000 ಲೀಟರ್ ವಾಶ್, ಅಂದರೆ ಹುದುಗಿದ ರಸ, ಸಿಗುತ್ತದೆ.

ಇಲ್ಲಿ ಒಂದು ಸಂಗತಿ ನೆನಪಿಡಿ. ಬಿಯರ್ ಮಾಡುವವರು ವರ್ಟನ್ನು ಕುದಿಸುತ್ತಾರೆ. ಮಾಲ್ಟ್ ವಿಸ್ಕಿ ಮಾಡುವವರು ಕುದಿಸುವುದಿಲ್ಲ. ಹಾಗಾಗಿ ಕಿಣ್ವಗಳೂ ಸಾಯುವುದಿಲ್ಲ, ಧಾನ್ಯದ ಜೊತೆ ಬಂದ ಬ್ಯಾಕ್ಟೀರಿಯಾ ಕೂಡ ಪೂರ್ತಿ ಸಾಯುವುದಿಲ್ಲ. ಇದನ್ನು ನಾನು ಓದಿದ್ದೆ. ಓದಿದ್ದರ ಅರ್ಥ ಆದದ್ದು ಬಾಯ್ಲರ್ ಕೆಟ್ಟ ಮೇಲೆ.

ಆಗ ನಮ್ಮ ಪದ್ಧತಿ 52 ಗಂಟೆ. ಯೀಸ್ಟ್ ಹಾಕಿದ 52ನೇ ಗಂಟೆಗೆ ವಾಶ್ ಹಂಡೆಗೆ ಹೋಗಲೇಬೇಕು, ತೊಟ್ಟಿ ತೊಳೆದು ಮುಂದಿನ ಬ್ಯಾಚ್ ಬರಬೇಕು. ಎರಡು ತೊಟ್ಟಿ ತುಂಬಿದ್ದ ಒಂದು ವಾರ ಬಾಯ್ಲರ್ ನಿಂತುಹೋಯಿತು. ಹಬೆ ಇಲ್ಲದೆ ಹಂಡೆ ಕಾಯುವುದಿಲ್ಲ. ಬಿಡಿಭಾಗ ನಾಳೆ ಬರುತ್ತದೆ ಅಂತ ಮೂರು ದಿನ ಹೇಳಿಸಿಕೊಂಡೆವು. ಕೊನೆಗೆ ಹಬೆ ಬಂದಾಗ ಮೊದಲ ತೊಟ್ಟಿಗೆ 110 ಗಂಟೆ, ಎರಡನೆಯದಕ್ಕೆ 90 ಗಂಟೆ ಹತ್ತಿರ ಆಗಿತ್ತು.

ಮುಚ್ಚಳ ತೆಗೆದರೆ ನೊರೆ ಪೂರ್ತಿ ಇಳಿದುಹೋಗಿದೆ. ಮೇಲೆ ತೆಳು ಪೊರೆ. ಹುಳಿ ಮೊಸರಿನಂಥ ವಾಸನೆ. ಪಿಎಚ್ ನೋಡಿದರೆ 3.8, ಅದು ಇಳಿದಷ್ಟೂ ಹುಳಿ ಜಾಸ್ತಿ. ನಮ್ಮ 52 ಗಂಟೆಯ ವಾಶಿನಲ್ಲಿ ಅದು 4.2 ಸುತ್ತಮುತ್ತ ಇರುತ್ತಿತ್ತು. ಕೆಟ್ಟೇಹೋಯಿತು ಅಂದುಕೊಂಡು ಚರಂಡಿಯ ವಾಲ್ವ್ ಮೇಲೆ ಕೈ ಇಟ್ಟಿದ್ದೆ. ನನಗೆ ಕೆಲಸ ಕಲಿಸಿದ ಹಿರಿಯರು ಬಂದು ತೊಟ್ಟಿಯ ಮೇಲೆ ಬಗ್ಗಿದರು. ಸುಮಾರು ಹೊತ್ತು ಬಗ್ಗಿಯೇ ಇದ್ದರು. "ಹುಳಿಯ ಕೆಳಗೆ ಇನ್ನೊಂದು ವಾಸನೆ ಇದೆ, ನೋಡು. ಚೆಲ್ಲೋದನ್ನ ಯಾವಾಗ ಬೇಕಾದರೂ ಚೆಲ್ಲಬಹುದು. ಮೊದಲು ಇಳಿಸೋಣ" ಅಂದರು. ನನಗೆ ಆಗ ಆ ಇನ್ನೊಂದು ವಾಸನೆ ಸಿಗಲಿಲ್ಲ.

ನಮ್ಮಲ್ಲಿ ಎರಡು ಸಲ ಇಳಿಸುತ್ತೇವೆ. ಮೊದಲ ಹಂಡೆಯಲ್ಲಿ ವಾಶ್ ಕಾಯಿಸಿದಾಗ ಮೂರನೇ ಒಂದು ಪಾಲಿನಷ್ಟು ಇಳಿದು ಬರುತ್ತದೆ. ಅದರಲ್ಲಿ 23 ಶೇಕಡಾ ಹತ್ತಿರ ಆಲ್ಕೋಹಾಲ್ ಇರುತ್ತದೆ. ಇದಕ್ಕೆ ಲೋ ವೈನ್ಸ್ ಅಂತ ಹೆಸರು. ಈ ಹಂತದಲ್ಲಿ ನೊರೆಯೊಂದೇ ಹೆದರಿಕೆ. ಕಾಯಿಸುವುದರಲ್ಲಿ ಅವಸರ ಮಾಡಿದರೆ ನೊರೆ ಹಂಡೆಯ ಕತ್ತಿನವರೆಗೂ ಏರಿ ಆ ಕಡೆ ಉಕ್ಕಿಬಿಡುತ್ತದೆ. ಎರಡನೇ ಹಂಡೆಯದೇ ನಿಜವಾದ ಪರೀಕ್ಷೆ. ಅಲ್ಲಿ ಬಂದದ್ದನ್ನೆಲ್ಲ ಇಟ್ಟುಕೊಳ್ಳುವಂತಿಲ್ಲ. ಮೊದಲು ಬರುವುದು ಹೆಡ್ಸ್, ನಡುವೆ ಹಾರ್ಟ್ಸ್, ಕೊನೆಗೆ ಟೇಲ್ಸ್. ನಡುವಿನ ಪಾಲು ಮಾತ್ರ ಪೀಪಾಯಿಗೆ. ಎರಡು ಕೊನೆಗಳನ್ನು ತೆಗೆದಿಟ್ಟು ಮುಂದಿನ ಲೋ ವೈನ್ಸ್ ಜೊತೆ ಮತ್ತೆ ಕಾಯಿಸುತ್ತೇವೆ.

ಹೆಡ್ಸ್ ಅಂದರೆ ಮೆಥನಾಲ್ ಅಂತ ತುಂಬಾ ಜನ ನಂಬಿದ್ದಾರೆ. ಮೆಥನಾಲ್ ಮುಖ್ಯವಾಗಿ ಬರುವುದು ಹಣ್ಣಿನ ಪೆಕ್ಟಿನ್‌ನಿಂದ. ಬಾರ್ಲಿ ಮಾಲ್ಟ್‌ನಲ್ಲಿ ಅದು ತೀರಾ ಕಡಿಮೆ. ನಾವು ಹೆಡ್ಸ್ ಬದಿಗಿಡುವುದು ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್ ಇಂಥವುಗಳ ಚುಚ್ಚುವ ವಾಸನೆಗಾಗಿ. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ಅದು.

ಹೆಡ್ಸ್ ಮುಗಿಯಿತು ಅಂತ ತಿಳಿಯುವುದು ಹೇಗೆ? ಸ್ಕಾಟ್‌ಲೆಂಡಿನವರು ಇದಕ್ಕೆ ಒಂದು ಜಾಣ ಪರೀಕ್ಷೆ ಇಟ್ಟುಕೊಂಡಿದ್ದಾರೆ. ಅಲ್ಲಿ ಹಂಡೆಯಿಂದ ಇಳಿಯುವ ಸ್ಪಿರಿಟ್ ಗಾಜಿನ ಪೆಟ್ಟಿಗೆಯೊಂದರ ಒಳಗೆ ಹರಿಯುತ್ತದೆ. ತೆರಿಗೆ ತಪ್ಪಬಾರದು ಅಂತ 19ನೇ ಶತಮಾನದಲ್ಲಿ ಅದಕ್ಕೆ ಅಬಕಾರಿಯವರ ಬೀಗ ಬಿತ್ತು. ಆಗ ಕೆಲಸಗಾರ ಮೂಸುವಂತಿರಲಿಲ್ಲ, ಬಾಯಿಗೆ ಹಾಕುವಂತಿರಲಿಲ್ಲ, ನೋಡಬಹುದಿತ್ತು ಅಷ್ಟೇ. ಹಾಗಾಗಿ ಹೊರಗಿನ ಹಿಡಿಕೆ ತಿರುಗಿಸಿ ಒಳಗಿನ ಸ್ಪಿರಿಟ್ಟಿಗೆ ನೀರು ಬೆರೆಸಿ 45.7 ಶೇಕಡಾಕ್ಕೆ ಇಳಿಸುವ ಪದ್ಧತಿ ಬಂತು. ಹಾಲಿನಂತೆ ಕದಡಿದರೆ ಇನ್ನೂ ಹೆಡ್ಸ್. ತಿಳಿಯಾಗಿಯೇ ಉಳಿದರೆ ಹಾರ್ಟ್ಸ್ ಶುರು. ಕದಡುವುದು ಯಾಕೆ ಅನ್ನುವುದು ಇನ್ನೂ ಚೆಂದ. ಹಿಂದಿನ ಬ್ಯಾಚಿನ ಟೇಲ್ಸ್‌ನ ಎಣ್ಣೆಯಂಥ ಅಂಶ ಕೊಳವೆಯ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಹೊಸ ಬ್ಯಾಚಿನ ಗಟ್ಟಿ ಆಲ್ಕೋಹಾಲ್ ಅದನ್ನು ಕರಗಿಸಿ ತೊಳೆದು ತರುತ್ತದೆ. ನೀರು ಸೇರಿದ ಕೂಡಲೇ ಆ ಎಣ್ಣೆ ಹೊರಬಿದ್ದು ಮಂಜು ಕಟ್ಟುತ್ತದೆ. ನಮ್ಮ ಪೆಟ್ಟಿಗೆಗೆ ಬೀಗ ಇಲ್ಲ, ಆದರೂ ನಾನು ಈ ಪರೀಕ್ಷೆ ಬಿಟ್ಟಿಲ್ಲ. ಮೂಗು ದಣಿಯುತ್ತದೆ. ನೀರು ದಣಿಯುವುದಿಲ್ಲ ಅಲ್ವಾ.

ಆ 110 ಗಂಟೆಯ ಬ್ಯಾಚಿಗೆ ಬರುತ್ತೇನೆ. ಹದಿನೈದು ನಿಮಿಷಕ್ಕೆ ಮಂಜು ಹೋಯಿತು, ಮೀಟರ್ 74 ಶೇಕಡಾ ತೋರಿಸುತ್ತಿತ್ತು. ಹಾರ್ಟ್ಸ್ ಕಡೆ ತಿರುಗಿಸಿದೆ. ಒಂದು ಹನಿ ಅಂಗೈಗೆ ಹಾಕಿ ಉಜ್ಜಿ ಮೂಸಿದೆ. ಹುಳಿ ಎಲ್ಲೂ ಇಲ್ಲ! ಮಾಗಿದ ಅನಾನಸ್, ಅದರ ಹಿಂದೆ ಪೀಚ್ ಹಣ್ಣು. ನಮ್ಮ ಮಾಮೂಲಿ ಸ್ಪಿರಿಟ್ಟಿನಲ್ಲಿ ಬಿಸ್ಕತ್ತಿನಂಥ ಧಾನ್ಯದ ವಾಸನೆ, ಸ್ವಲ್ಪ ಹಸಿ ಸೇಬು, ಅಷ್ಟೇ ಇರುತ್ತಿತ್ತು. ಅದೇ ಮಾಲ್ಟ್, ಅದೇ ಯೀಸ್ಟ್, ಅದೇ ಹಂಡೆ. ಬೇರೆಯಾದದ್ದು ತೊಟ್ಟಿಯಲ್ಲಿ ಕಳೆದ ಸಮಯ ಮಾತ್ರ. 62 ಶೇಕಡಾ ಬಂದಾಗ ಒದ್ದೆ ರಟ್ಟಿನ ವಾಸನೆ ಸಣ್ಣಗೆ ತಲೆ ಎತ್ತಿತು, ಹಾರ್ಟ್ಸ್ ಅಲ್ಲಿಗೆ ಕಟ್ ಮಾಡಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ನಡೆದದ್ದು ಇಷ್ಟು. ಯೀಸ್ಟ್ 48 ಗಂಟೆಯ ಹೊತ್ತಿಗೆ ತನಗೆ ಬೇಕಾದ ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತದೆ. ಆಮೇಲೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಸರದಿ. ಯೀಸ್ಟ್ ಬಿಟ್ಟ ಸಕ್ಕರೆ, ಸತ್ತ ಯೀಸ್ಟಿನ ಒಳಗಿನ ಸತ್ವ, ಇವೇ ಅವಕ್ಕೆ ಊಟ. ಅವು ಮಾಡುವ ಆಮ್ಲ ಆಲ್ಕೋಹಾಲ್ ಜೊತೆ ಕೂಡಿ ಹಣ್ಣಿನ ವಾಸನೆ ಕೊಡುವ ಎಸ್ಟರ್ ಆಗುತ್ತದೆ. ಪೀಚ್ ವಾಸನೆ ಕೊಡುವ ಲ್ಯಾಕ್ಟೋನ್‌ಗಳಿಗೂ ದಾರಿ ಅಲ್ಲೇ ತೆರೆಯುತ್ತದೆ. ಹುಳಿ ಕೊಡುವ ಲ್ಯಾಕ್ಟಿಕ್ ಆಮ್ಲ ಮಾತ್ರ ಆವಿಯಾಗಿ ಏರುವುದಿಲ್ಲ, ಹಂಡೆಯ ತಳದಲ್ಲೇ ಉಳಿಯುತ್ತದೆ. ನಾನು ಹೆದರಿದ್ದು ಕೆಳಗೆ ಉಳಿಯುವ ಹುಳಿಗೆ. ಹಿರಿಯರಿಗೆ ಸಿಕ್ಕಿದ್ದು ಮೇಲೇರುವ ವಾಸನೆ.

ಬೇಕೆಂದೇ ಮತ್ತೆ ಮಾಡೋಣ ಅಂತ ಮುಂದಿನ ತಿಂಗಳು ಒಂದು ತೊಟ್ಟಿಯನ್ನು ಕಾಯಲು ಬಿಟ್ಟೆ. ಅದು ಪೂರ್ತಿ ಹಾಳಾಯಿತು. ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಹಂಡೆಗೆ ಹಾಕಿದರೂ ಹೋಗಲಿಲ್ಲ, ಲ್ಯಾಕ್ಟಿಕ್‌ನಂತಲ್ಲ, ಅಸಿಟಿಕ್ ಆಮ್ಲ ಆವಿಯ ಜೊತೆ ಏರಿ ಬರುತ್ತದೆ. ಕಾರಣ ಹುಡುಕಲು ಪುಸ್ತಕ ತೆಗೆದೆ. ಮೊದಲ ದಿನದಿಂದಲೂ ಒಂದು ನೋಟ್ ಪುಸ್ತಕದಲ್ಲಿ ಗಂಟೆಗಂಟೆಯ ಲೆಕ್ಕ ಬರೆಯುತ್ತಿದ್ದೆ. ಅದರಲ್ಲಿ ನನ್ನ ಕೈಬರಹದಲ್ಲೇ ಉತ್ತರ ಇತ್ತು: ಮೂರನೇ ದಿನ ಆರು ಸಲ ಮುಚ್ಚಳ ತೆಗೆದು ಮೂಸಿದ್ದೆ. ಯೀಸ್ಟ್ ದುಡಿಯುವಾಗ ಇಂಗಾಲದ ಡೈಆಕ್ಸೈಡ್ ಮೇಲೆ ಹೊದಿಕೆಯಂತೆ ಕೂತಿರುತ್ತದೆ. ದುಡಿಮೆ ನಿಂತ ಮೇಲೆ ಹೊಸ ಅನಿಲ ಬರುವುದಿಲ್ಲ. ಪ್ರತಿ ಸಲ ಮುಚ್ಚಳ ಎತ್ತಿದಾಗಲೂ ಹೊದಿಕೆ ಹೋಗಿ ಗಾಳಿ ಒಳಗೆ ಬಂದಿದೆ. ವಿನೆಗರ್ ಮಾಡುವ ಬ್ಯಾಕ್ಟೀರಿಯಾಗೆ ಬೇಕಾದದ್ದೇ ಗಾಳಿ. ಬಾಯ್ಲರ್ ಕೆಟ್ಟ ವಾರ ನಾವೆಲ್ಲ ಅದರ ರಿಪೇರಿಯಲ್ಲೇ ಮುಳುಗಿ ತೊಟ್ಟಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಅದಕ್ಕೇ ಅದು ಉಳಿದಿತ್ತು.

ಬರೆದಿಡುವುದರ ಬೆಲೆ ಎಷ್ಟು ಅನ್ನುವುದಕ್ಕೆ ವಿಸ್ಕಿಯ ಇತಿಹಾಸದಲ್ಲೇ ದೊಡ್ಡ ಸಾಕ್ಷಿ ಇದೆ. ಮಸಟಾಕ ಟಕೆಟ್ಸುರು ಎಂಬ ಜಪಾನಿನ ಯುವಕ 1918ರಲ್ಲಿ ಸ್ಕಾಟ್‌ಲೆಂಡಿಗೆ ಹೋದರು. ಗ್ಲಾಸ್ಗೋದಲ್ಲಿ ರಸಾಯನಶಾಸ್ತ್ರ ಕಲಿತರು, 1920ರಲ್ಲಿ ಕ್ಯಾಂಪ್‌ಬೆಲ್‌ಟೌನ್‌ನ ಹೇಜಲ್‌ಬರ್ನ್ ಡಿಸ್ಟಿಲರಿಯಲ್ಲಿ ಕೆಲಸ ಮಾಡುತ್ತಾ ನೋಡಿದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಜಪಾನಿನಲ್ಲಿ ಮಾಲ್ಟ್ ವಿಸ್ಕಿ ಶುರುವಾದದ್ದು ಆ ಟಿಪ್ಪಣಿಗಳ ಬಲದ ಮೇಲೆ. ಮೊದಲು ಯಮಜಾಕಿ ಡಿಸ್ಟಿಲರಿಯಲ್ಲಿ, ಆಮೇಲೆ 1934ರಲ್ಲಿ ಅವರೇ ಕಟ್ಟಿದ ಯೋಯಿಚಿ ಡಿಸ್ಟಿಲರಿಯಲ್ಲಿ. ನನ್ನ ಎಣ್ಣೆ ಹಿಡಿದ ಪುಸ್ತಕವನ್ನು ಮುಟ್ಟುವಾಗಲೆಲ್ಲ ಅವರು ನೆನಪಾಗುತ್ತಾರೆ.

ಮೂರನೇ ಪ್ರಯತ್ನಕ್ಕೆ ನಿಯಮ ಮಾಡಿಕೊಂಡೆ. ಸೋಸಿದ ವರ್ಟ್ ತಣ್ಣಗಾದ ಕೂಡಲೇ ಯೀಸ್ಟ್ ಬೀಳಬೇಕು, ಯಾಕಂದರೆ ಬ್ಯಾಕ್ಟೀರಿಯಾ ಯೀಸ್ಟಿಗಿಂತ ಮೊದಲು ಕೂತರೆ ಆಲ್ಕೋಹಾಲ್ ಆಗಬೇಕಾದ ಸಕ್ಕರೆಯನ್ನೇ ತಿಂದುಬಿಡುತ್ತದೆ. ಬಿಸಿ 33 ಡಿಗ್ರಿ ದಾಟಬಾರದು. 48 ಗಂಟೆಯ ನಂತರ ಮುಚ್ಚಳ ಮುಟ್ಟಬಾರದು, ಸ್ಯಾಂಪಲ್ ಬೇಕಿದ್ದರೆ ಕೆಳಗಿನ ನಲ್ಲಿಯಿಂದ. 96ನೇ ಗಂಟೆಗೆ ನಲ್ಲಿ ತಿರುಗಿಸಿ ಲೋಟಕ್ಕೆ ಹಿಡಿದೆ. ಮೊದಲು ಹುಳಿ. ಉಸಿರು ಬಿಟ್ಟು ಮತ್ತೆ ಮೂಸಿದಾಗ, ಕೆಳಗೆ, ಹಣ್ಣು. ಹಿರಿಯರು ಹೇಳಿದ್ದ ಆ ಇನ್ನೊಂದು ವಾಸನೆ ಅವತ್ತು ನನಗೆ ಸಿಕ್ಕಿತು.

ಇದರಿಂದ ನಷ್ಟ ಇಲ್ಲ ಅಂತಲ್ಲ. ಒಂದು ತೊಟ್ಟಿಗೆ 80 ಲೀಟರ್ ಶುದ್ಧ ಆಲ್ಕೋಹಾಲ್ ಬರುತ್ತಿದ್ದ ಕಡೆ ಈಗ 77 ಬರುತ್ತದೆ. ತೊಟ್ಟಿ ಎರಡು ಪಟ್ಟು ಹೊತ್ತು ತಡೆಹಿಡಿದಂತೆ ಆಗುವುದರಿಂದ ವಾರಕ್ಕೆ ಮಾಡುವ ಬ್ಯಾಚುಗಳೂ ಕಡಿಮೆ. ದೊಡ್ಡ ಡಿಸ್ಟಿಲರಿಗಳು ಗಂಟೆ ಲೆಕ್ಕ ಹಾಕುವುದು ಸುಮ್ನೆ ಅಲ್ಲ. ಆದರೆ ನಮ್ಮಂಥ ಸಣ್ಣವರು ಪ್ರಮಾಣದಲ್ಲಿ ಅವರ ಜೊತೆ ಓಡಲು ಆಗುವುದೇ ಇಲ್ಲ. ನಮ್ಮ ಹತ್ತಿರ ಇರುವುದು ಸಮಯ. ಅದನ್ನೂ ಉಳಿಸಲು ಹೋದರೆ ಸಣ್ಣದಾಗಿ ಮಾಡುವುದಕ್ಕೆ ಅರ್ಥವೇ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಂಡೆಯ ಕೆಲಸ ಕಡಿಮೆ ಅಂತ ನಾನು ಹೇಳುತ್ತಿಲ್ಲ. ತಾಮ್ರ ಗಂಧಕದ ಕೆಟ್ಟ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸ್ಟೀಲಿನಲ್ಲಿ ಇಳಿಸಿದರೆ ಬೇಯಿಸಿದ ಎಲೆಕೋಸಿನ ವಾಸನೆ ಹೋಗುವುದೇ ಇಲ್ಲ. ನಿಧಾನವಾಗಿ ಇಳಿಸಿದಷ್ಟೂ ಆವಿ ತಾಮ್ರವನ್ನು ಜಾಸ್ತಿ ಮುಟ್ಟುತ್ತದೆ. ಎರಡು ಬ್ಯಾಚಿನ ನಡುವೆ ಹಂಡೆಯ ಬಾಗಿಲು ತೆರೆದು ಗಾಳಿಗೆ ಬಿಡುತ್ತೇವೆ, ತಾಮ್ರ ಮತ್ತೆ ಚೇತರಿಸಿಕೊಳ್ಳಲಿ ಅಂತ. ಆದರೆ ತೊಟ್ಟಿಯಲ್ಲಿ ಇಲ್ಲದ ಹಣ್ಣನ್ನು ಹಂಡೆ ಹುಟ್ಟಿಸಲಾರದು. ಇದ್ದದ್ದರಲ್ಲಿ ಆರಿಸುತ್ತದೆ ಅಷ್ಟೇ. ಸ್ಕಾಟ್‌ಲೆಂಡಿನ ರಾಜರ ಲೆಕ್ಕಪತ್ರದಲ್ಲಿ 1494ರ ಸುಮಾರಿಗೆ ಒಂದು ಸಾಲು ಇದೆ. ಜಾನ್ ಕಾರ್ ಎಂಬ ಸನ್ಯಾಸಿಗೆ ಜೀವಜಲ, ಅಂದರೆ ಬಟ್ಟಿ ಇಳಿಸಿದ ಮದ್ಯ, ಮಾಡಲು ಎಂಟು ಬೋಲ್ ಮಾಲ್ಟ್ ಕೊಡಲಾಯಿತು ಅಂತ. ಬೋಲ್ ಅಂದರೆ ಆಗಿನ ಧಾನ್ಯದ ಅಳತೆ. ಸ್ಕಾಚ್ ಬಗ್ಗೆ ಸಿಗುವ ತುಂಬಾ ಹಳೆಯ ಈ ಬರಹದಲ್ಲಿ ಹಂಡೆಯ ಸುದ್ದಿ ಇಲ್ಲ, ಮಾಲ್ಟ್ ಇದೆ. ನನಗೆ ಅದು ತುಂಬಾ ಇಷ್ಟ.

ಬಾಯ್ಲರ್ ಕೆಟ್ಟ ವಾರದ ಆ ಎರಡು ತೊಟ್ಟಿಯ ಸ್ಪಿರಿಟ್ಟನ್ನು 63.5 ಶೇಕಡಾಕ್ಕೆ ಇಳಿಸಿ 200 ಲೀಟರಿನ ಒಂದು ಬರ್ಬನ್ ಪೀಪಾಯಿಗೆ ತುಂಬಿದ್ದೆವು. ಬರ್ಬನ್ ಅನ್ನುವ ಅಮೆರಿಕದ ವಿಸ್ಕಿಗೆ ಒಳಭಾಗ ಸುಟ್ಟ ಹೊಸ ಓಕ್ ಪಾತ್ರೆಯೇ ಬೇಕು ಅಂತ ಅಲ್ಲಿ ಕಾನೂನು ಇದೆ. ಅದಕ್ಕೇ ಅಲ್ಲಿಯ ಹಳೆ ಪೀಪಾಯಿಗಳು ಉಳಿದವರಿಗೆ ಸಿಗುತ್ತವೆ. ಪಕ್ಕದಲ್ಲೇ ಅದೇ ತಿಂಗಳು ತುಂಬಿದ 52 ಗಂಟೆಯ ಪೀಪಾಯಿ. 52 ಗಂಟೆಯದರ ನಂಬರ್ 13, ಉದ್ದ ಹುದುಗಿನದು 14. ಮೂರು ವರ್ಷ ಆದ ಮೇಲೆ ಎರಡನ್ನೂ ಒಂದೇ ದಿನ ತೆರೆದೆವು. ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲೂ ಓಕ್ ತನ್ನ ವೆನಿಲ್ಲಾ ಬಿಟ್ಟಿತ್ತು. 13ರಲ್ಲಿ ವೆನಿಲ್ಲಾ ಮುಗಿದರೆ ಬಾಯಲ್ಲಿ ಮರದ ಒಗರು ಮಾತ್ರ ಉಳಿಯುತ್ತಿತ್ತು. 14ರಲ್ಲಿ ವೆನಿಲ್ಲಾದ ಹಿಂದೆಯೇ ಅನಾನಸ್ ಬಂತು, ನುಂಗಿದ ಮೇಲೂ ಹೋಗಲಿಲ್ಲ. ಹಿರಿಯರು ಎರಡನೇ ಲೋಟ ಕೆಳಗಿಡದೆ ಕಿಟಕಿಯ ಕಡೆ ಹೋಗಿ ನಿಂತರು.

14ನ್ನು ಬಾಟಲಿಗೆ ತುಂಬಿ ಆಯಿತು. ಖಾಲಿಯಾದ ಪೀಪಾಯಿಗೆ ಮತ್ತೆ ಉದ್ದ ಹುದುಗಿನ ಸ್ಪಿರಿಟ್ಟನ್ನೇ ಹಾಕಿದ್ದೇನೆ. ಈ ಸಲ ಸ್ಟೀಲ್ ತೊಟ್ಟಿಯದಲ್ಲ, ಹೊಸದಾಗಿ ತರಿಸಿದ ಮರದ ತೊಟ್ಟಿಯದು. ಮರದ ಸಂದುಗಳಲ್ಲಿ ಬ್ಯಾಕ್ಟೀರಿಯಾ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಉಳಿದುಕೊಳ್ಳುತ್ತವೆ. ನಾಲ್ಕನೇ ಬ್ಯಾಚಿನಿಂದ ವಾಸನೆ ಬದಲಾಗುತ್ತಿದೆ, ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಇವತ್ತಿಗೆ ಆ ಮರದ ತೊಟ್ಟಿಯಲ್ಲಿ 71 ಗಂಟೆ. ಮುಚ್ಚಳ ಮುಟ್ಟಿಲ್ಲ.