ಬ್ರಿಟನ್ನಿನಲ್ಲಿ ಮೊದಲ ಎಲೆಕ್ಟ್ರಿಕ್ ಕಾರು: ಶೋರೂಮಿಗೆ ಹೋಗುವ ಮುಂಚೆ ಮೀಟರ್ ಪೆಟ್ಟಿಗೆ ತೆರೆಯಿರಿ

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಯಾವ ಕಾರು ಒಳ್ಳೆಯದು, ಒಂದು ಚಾರ್ಜಿಗೆ ಎಷ್ಟು ಮೈಲಿ ಓಡುತ್ತದೆ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ?

ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 8,000 ಮೈಲಿ ಓಡಿಸುತ್ತೀರಿ, ಯೂನಿಟ್ಟಿಗೆ ಮೂರೂವರೆ ಮೈಲಿ ಸಿಗುತ್ತದೆ ಎಂದುಕೊಂಡರೆ ಸುಮಾರು 2,300 ಯೂನಿಟ್ ಕರೆಂಟು ಬೇಕು. ಮನೆಯಲ್ಲಿ ರಾತ್ರಿಯ ಅಗ್ಗದ ದರ ಯೂನಿಟ್ಟಿಗೆ 8 ಪೆನ್ಸ್ ಆದರೆ ವರ್ಷದ ಖರ್ಚು 184 ಪೌಂಡ್. ಅದೇ ಮನೆಯಲ್ಲಿ ಸಾಮಾನ್ಯ ದರ 25 ಪೆನ್ಸ್ ಆದರೆ 575 ಪೌಂಡ್. ಬರೀ ಮೋಟರ್‌ವೇ ಬದಿಯ ರಾಪಿಡ್ ಚಾರ್ಜರ್ ನಂಬಿ 75 ಪೆನ್ಸ್ ಕೊಟ್ಟರೆ 1,725 ಪೌಂಡ್. ಗ್ಯಾಲನ್ನಿಗೆ 40 ಮೈಲಿ ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 1.35 ಪೌಂಡಿನಂತೆ, ಸುಮಾರು 1,230 ಪೌಂಡ್ ಆಗುತ್ತದೆ. ಅಂದರೆ ಒಂದೇ ಕಾರು ಒಬ್ಬರಿಗೆ ಪೆಟ್ರೋಲಿನ ಸುಮಾರು ಏಳನೇ ಒಂದು ಭಾಗದಲ್ಲಿ ಓಡುತ್ತದೆ, ಇನ್ನೊಬ್ಬರಿಗೆ ಪೆಟ್ರೋಲಿಗಿಂತ ದುಬಾರಿ ಬೀಳುತ್ತದೆ. ತೆರಿಗೆಯಲ್ಲೇ ವ್ಯತ್ಯಾಸವಿದೆ: ಮನೆಯ ಕರೆಂಟಿಗೆ ವ್ಯಾಟ್ 5%, ಬೀದಿಯ ಚಾರ್ಜರಿಗೆ 20%.

ಮೀಟರ್ ಪೆಟ್ಟಿಗೆಯಲ್ಲಿ ಏನು ನೋಡಬೇಕು

ಊರಿನಲ್ಲಿ ತಂತಿ ಎಳೆಯುವುದೂ ಬಿಲ್ ಕೊಡುವುದೂ ಒಂದೇ ಬೆಸ್ಕಾಂ. ಇಲ್ಲಿ ಹಾಗಲ್ಲ. ಬಿಲ್ ಕೊಡುವ ಕಂಪನಿಯನ್ನು ನೀವು ಯಾವಾಗ ಬೇಕಾದರೂ ಬದಲಿಸಬಹುದು. ಬೀದಿಯ ಕೇಬಲ್ಲು ಮತ್ತು ಮೇನ್ ಫ್ಯೂಸು ಮಾತ್ರ ಆ ಪ್ರದೇಶದ ಡಿಎನ್‌ಒ ಎಂಬ ವಿತರಣಾ ಸಂಸ್ಥೆಗೆ ಸೇರಿದ್ದು. ಲಂಡನ್ನಿನ ಬಹುಭಾಗಕ್ಕೆ ಯುಕೆ ಪವರ್ ನೆಟ್‌ವರ್ಕ್ಸ್, ರೀಡಿಂಗ್–ಸ್ಲೌ ಕಡೆಗೆ ಎಸ್‌ಎಸ್‌ಇಎನ್. ಚಾರ್ಜರ್ ಕೂರಿಸುವ ಮಾತು ಬಂದರೆ ಬಿಲ್ ಕಂಪನಿಗಿಂತ ಹೆಚ್ಚಾಗಿ ಇವರೇ ಬೇಕಾಗುತ್ತಾರೆ.

ಮೆಟ್ಟಿಲ ಕೆಳಗಿನ ಕಪಾಟೋ ಹೊರಗೋಡೆಯ ಬಿಳಿ ಪೆಟ್ಟಿಗೆಯೋ, ಟಾರ್ಚ್ ಹಿಡಿದು ನೋಡಿ. ನೆಲದಿಂದ ಹೆಬ್ಬೆರಳಿಗಿಂತ ದಪ್ಪದ ಕರಿ ಕೇಬಲ್ ಎದ್ದು ಬಂದು ಒಂದು ಡಬ್ಬಿಗೆ ಸೇರುತ್ತದೆ. ಆ ಡಬ್ಬಿಯೇ ಮೇನ್ ಫ್ಯೂಸು. ಅದರ ಮೇಲೆ ಸಾಮಾನ್ಯವಾಗಿ 60, 80 ಅಥವಾ 100 ಎಂದು ಬರೆದಿರುತ್ತದೆ, ಅದು ಆಂಪಿಯರ್. ಸೀಲ್ ಮುಟ್ಟಬೇಡಿ, ಫೋಟೋ ತೆಗೆದುಕೊಳ್ಳಿ ಸಾಕು. ಮನೆಯ ಚಾರ್ಜರು ಒಂದೇ 32 ಆಂಪಿಯರ್ ಎಳೆಯುತ್ತದೆ, 7.4 ಕಿಲೋವ್ಯಾಟ್. ಹಬ್ಬದ ದಿನ ಓವನ್ನು, ಇಂಡಕ್ಷನ್ ಒಲೆ, ಮೇಲೆ 40 ಆಂಪಿಯರಿನ ಎಲೆಕ್ಟ್ರಿಕ್ ಶವರ್ ಎಲ್ಲ ಒಟ್ಟಿಗೆ ನಡೆದರೆ 60ರ ಫ್ಯೂಸು ತಡೆಯುವುದಿಲ್ಲ. ಅದಕ್ಕೇ ಮೀಟರಿನ ತಂತಿಗೆ ಸಿಟಿ ಕ್ಲಾಂಪ್ ಎಂಬ ಸಣ್ಣ ಬಳೆ ತೊಡಿಸುತ್ತಾರೆ. ಮನೆಯ ಬಳಕೆ ಏರಿದಾಗ ಅದು ಚಾರ್ಜರಿಗೆ ಹೇಳಿ ಕಾರಿನ ಪಾಲು ತಗ್ಗಿಸುತ್ತದೆ.

ಫ್ಯೂಸು ಡಬ್ಬಿಗೆ ಒಂದರ ಬದಲು ಎರಡು ದಪ್ಪ ಕೇಬಲ್ ಸೇರಿದ್ದರೆ ಅದು ಲೂಪ್ಡ್ ಸಪ್ಲೈ ಇರಬಹುದು: ಬೀದಿಯಿಂದ ಬಂದ ಒಂದೇ ಕೇಬಲ್ಲು ನಿಮಗೂ ಪಕ್ಕದ ಮನೆಗೂ ಹಂಚಿಕೆಯಾಗಿದೆ. ಸಾಲಾಗಿ ಅಂಟಿಕೊಂಡ ಹಳೆಯ ಟೆರೇಸ್ ಮನೆಗಳಲ್ಲಿ, ಜೋಡಿಯಾಗಿ ಅಂಟಿಕೊಂಡ ಸೆಮಿ ಮನೆಗಳಲ್ಲಿ ಇದು ಸಾಮಾನ್ಯ. ಆಗ ಡಿಎನ್‌ಒ ಬಂದು ಎರಡು ಮನೆಯ ಸಂಪರ್ಕ ಬೇರೆ ಮಾಡುವ ತನಕ ಚಾರ್ಜರ್ ಕೂರಿಸುವ ಕೆಲಸ ನಿಂತುಹೋಗಬಹುದು. ಅದಕ್ಕೆ ಪಕ್ಕದ ಮನೆಯವರ ಒಪ್ಪಿಗೆ ಬೇಕು, ನೆಲ ಅಗೆಯಬೇಕಾಗುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಕಾರು ಬುಕ್ ಮಾಡಿದ ಮೇಲೆ ಇದು ಗೊತ್ತಾದರೆ ತುಂಬಾ ಸಂಕಟ. ಆದ್ದರಿಂದಲೇ ಮೀಟರ್ ಪೆಟ್ಟಿಗೆ ಮೊದಲು.

ಚಾರ್ಜರ್ ಕೂರಿಸುವುದು

ಚಾರ್ಜರು, ಕೂಲಿ ಎಲ್ಲ ಸೇರಿ ಸಾಮಾನ್ಯವಾಗಿ 800ರಿಂದ 1,200 ಪೌಂಡ್. ಫ್ಯೂಸು ಪೆಟ್ಟಿಗೆಯಿಂದ ಕಾರು ನಿಲ್ಲುವ ಜಾಗ ದೂರವಾದಷ್ಟೂ ಹೆಚ್ಚು. ಎಲೆಕ್ಟ್ರಿಷಿಯನ್‌ಗೆ ಕೇಳಬೇಕಾದ ಒಂದು ಪ್ರಶ್ನೆ ಮರೆಯಬೇಡಿ: ಪೆನ್ ಫಾಲ್ಟ್ ರಕ್ಷಣೆ ಚಾರ್ಜರಿನ ಒಳಗೇ ಇದೆಯೋ, ಅರ್ಥ್ ರಾಡ್ ನೆಡುತ್ತೀರೋ? ಇಲ್ಲಿನ ಬಹಳಷ್ಟು ಮನೆಗಳಲ್ಲಿ ನ್ಯೂಟ್ರಲ್ಲೂ ಅರ್ಥೂ ಬೀದಿಯಲ್ಲಿ ಒಂದೇ ತಂತಿ. ಆ ತಂತಿ ನೆಲದೊಳಗೆ ಕಡಿದುಹೋದರೆ ಕಾರಿನ ಲೋಹದ ಮೈಗೆ ಕರೆಂಟು ಬರಬಹುದು. ಒದ್ದೆ ನೆಲದ ಮೇಲೆ ನಿಂತು ಮಗು ಬಾಗಿಲು ಮುಟ್ಟಿದರೂ ಶಾಕ್ ಹೊಡೆಯುತ್ತದೆ. ಸರಿಯಾದ ಉತ್ತರ ಕೊಡಲಾಗದವರ ಕೈಯಲ್ಲಿ ಕೆಲಸ ಮಾಡಿಸಬೇಡಿ. ಕೆಲಸ ಮುಗಿದ ಮೇಲೆ ಎಲೆಕ್ಟ್ರಿಕಲ್ ಇನ್‌ಸ್ಟಲೇಶನ್ ಸರ್ಟಿಫಿಕೇಟ್ ಮತ್ತು ಬಿಲ್ಡಿಂಗ್ ರೆಗ್ಯುಲೇಶನ್ಸ್ ಪತ್ರ ಎರಡನ್ನೂ ಪಡೆಯಿರಿ. ಮನೆ ಮಾರುವ ದಿನ ವಕೀಲರು ಕೇಳುತ್ತಾರೆ. ಡಿಎನ್‌ಒಗೆ ತಿಳಿಸುವುದು ಎಲೆಕ್ಟ್ರಿಷಿಯನ್ ಕೆಲಸ, ಆದರೆ ತಿಳಿಸಿದ್ದಾರಾ ಎಂದು ನೀವು ಕೇಳಿ.

ಮೊದಲ ವಾರ ಬಹಳ ಜನ ಗಾಬರಿಯಾಗುವ ಸಂಗತಿ ಒಂದಿದೆ. ಸಂಜೆ ಆರಕ್ಕೆ ಪ್ಲಗ್ ಹಾಕುತ್ತಾರೆ, ಕಾರು ಚಾರ್ಜ್ ಆಗುವುದಿಲ್ಲ, ಚಾರ್ಜರ್ ಕೆಟ್ಟಿದೆ ಎಂದು ಫೋನ್ ಮಾಡುತ್ತಾರೆ. ಕೆಟ್ಟಿರುವುದಿಲ್ಲ. 2022ರ ಜೂನ್ 30ರಿಂದ ಮಾರಾಟವಾಗುವ ಮನೆಯ ಚಾರ್ಜರುಗಳು ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11, ಸಂಜೆ 4ರಿಂದ 10ರವರೆಗೆ ಚಾರ್ಜ್ ಮಾಡದಂತೆ ಹೊಂದಿಸಿಯೇ ಬರಬೇಕೆಂಬುದು ಕಾನೂನು. ಆ್ಯಪಿನಲ್ಲಿ ಇದನ್ನು ಬದಲಿಸಬಹುದು. ಹತ್ತು ನಿಮಿಷದವರೆಗೆ ತಡವಾಗಿ ಶುರುವಾಗುವುದೂ ಇದೇ ನಿಯಮದಿಂದ.

ರಾತ್ರಿಯ ದರ ಸಿಗಬೇಕಾದರೆ ಅರ್ಧ ಗಂಟೆಗೊಮ್ಮೆ ರೀಡಿಂಗ್ ಕಳಿಸುವ ಸ್ಮಾರ್ಟ್ ಮೀಟರ್ ಬೇಕು. ಉದಾಹರಣೆಗೆ ಆಕ್ಟೋಪಸ್‌ನ ಇಂಟೆಲಿಜೆಂಟ್ ಗೋ ಯೋಜನೆಯ ಅಗ್ಗದ ಹೊತ್ತು ರಾತ್ರಿ 11:30ರಿಂದ ಬೆಳಿಗ್ಗೆ 5:30. ಆರು ಗಂಟೆಯಲ್ಲಿ 44 ಯೂನಿಟ್ ತುಂಬುತ್ತದೆ, ನೂರೈವತ್ತು ಮೈಲಿಗೆ ಸಾಕು. ಸಮಯ ನಿಗದಿ ಮಾಡುವುದು ಮಾತ್ರ ಒಂದೇ ಕಡೆ ಇರಲಿ. ಕಾರಿನ ಆ್ಯಪಿನಲ್ಲಿ ಒಂದು ಹೊತ್ತು, ಚಾರ್ಜರಿನಲ್ಲಿ ಇನ್ನೊಂದು, ಕರೆಂಟು ಕಂಪನಿಯದ್ದು ಮತ್ತೊಂದು ಎಂದಾದರೆ ಬೆಳಿಗ್ಗೆ ಎದ್ದಾಗ ಬ್ಯಾಟರಿ ನಿನ್ನೆ ಇದ್ದಲ್ಲೇ ಇರುತ್ತದೆ.

ಬಾಡಿಗೆ ಮನೆ, ಫ್ಲ್ಯಾಟು

ಬಾಡಿಗೆದಾರರಿಗೂ ಫ್ಲ್ಯಾಟಿನ ಒಡೆಯರಿಗೂ ಸರ್ಕಾರದ ಚಾರ್ಜ್‌ಪಾಯಿಂಟ್ ಅನುದಾನ ಇದೆ. ನಿಮ್ಮದೇ ಪಾರ್ಕಿಂಗ್ ಜಾಗ ಮತ್ತು ಮನೆಯೊಡೆಯರ ಲಿಖಿತ ಒಪ್ಪಿಗೆ ಬೇಕು. ಅರ್ಜಿ ಮಂಜೂರಾಗುವ ಮುಂಚೆ ಕೆಲಸ ಶುರು ಮಾಡಿಸಬೇಡಿ. ಪಾರ್ಕಿಂಗ್ ಜಾಗವೇ ಇಲ್ಲದಿದ್ದರೆ ದೀಪದ ಕಂಬಕ್ಕೆ ಜೋಡಿಸಿದ ಚಾರ್ಜರುಗಳಿವೆ, ಕೆಲವು ಕೌನ್ಸಿಲ್‌ಗಳು ಫುಟ್‌ಪಾತಿನಲ್ಲಿ ಕೇಬಲ್ ಹಾಯಿಸುವ ಸಣ್ಣ ಕಾಲುವೆ ತೋಡಲು ಅನುಮತಿ ಕೊಡುತ್ತವೆ. ಅನುಮತಿ ಇಲ್ಲದೆ ಫುಟ್‌ಪಾತಿನ ಮೇಲೆ ಕೇಬಲ್ ಎಳೆಯಬೇಡಿ. ಯಾರಾದರೂ ಎಡವಿ ಬಿದ್ದರೆ ಹೊಣೆ ನಿಮ್ಮದು.

ಮೂರು ಪಿನ್ನಿನ ಸಾಮಾನ್ಯ ಸಾಕೆಟ್ಟಿನಿಂದ 10 ಆಂಪಿಯರ್, ಅಂದರೆ 2.3 ಕಿಲೋವ್ಯಾಟ್ ಸಿಗುತ್ತದೆ. ಹತ್ತು ಗಂಟೆಗೆ ಎಪ್ಪತ್ತು-ಎಂಬತ್ತು ಮೈಲಿ. ದಿನಕ್ಕೆ ಮೂವತ್ತು ಮೈಲಿ ಓಡಿಸುವವರಿಗೆ ಇದೇ ಸಾಕು. ಆದರೆ ಆ ಸಾಕೆಟ್ಟು ಇಡೀ ರಾತ್ರಿ ಇಷ್ಟು ಹೊರೆ ಹೊರಲೆಂದು ಮಾಡಿದ್ದಲ್ಲ. ಒಂದು ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ, ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ ತಕ್ಷಣ ನಿಲ್ಲಿಸಿ. ಸುರುಳಿ ಸುತ್ತಿದ ಎಕ್ಸ್‌ಟೆನ್ಶನ್ ವೈರು ಬಳಸುವುದಂತೂ ಬೇಡವೇ ಬೇಡ. ಸುರುಳಿಯೊಳಗಿನ ಬಿಸಿ ಹೊರಬರಲಾಗದೆ ವೈರು ಕರಗುತ್ತದೆ.

ಕೊಳ್ಳುವ ದಾರಿಗಳು

ಲೈಸೆನ್ಸಿನ ಮಾತು ಮೊದಲು. ಭಾರತದ ಲೈಸೆನ್ಸು ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ. ಎಲೆಕ್ಟ್ರಿಕ್ ಕಾರಿಗೆ ಗೇರಿಲ್ಲದ್ದರಿಂದ ಆಟೊಮ್ಯಾಟಿಕ್ ಪರೀಕ್ಷೆ ಪಾಸಾದರೂ ಸಾಕು, ಆದರೆ ಆಮೇಲೆ ಗೇರಿನ ಕಾರು ಓಡಿಸುವಂತಿಲ್ಲ.

ಕಂಪನಿ ಕೆಲಸದಲ್ಲಿರುವವರಿಗೆ ಸ್ಯಾಲರಿ ಸ್ಯಾಕ್ರಿಫೈಸ್ ಸಾಮಾನ್ಯವಾಗಿ ಅಗ್ಗ. ತೆರಿಗೆಗೆ ಮುಂಚಿನ ಸಂಬಳದಿಂದ ಬಾಡಿಗೆ ಕಡಿತವಾಗುತ್ತದೆ, ಪ್ರತಿಯಾಗಿ ಕಾರಿನ ಪಟ್ಟಿಬೆಲೆಯ ಸಣ್ಣ ಪಾಲನ್ನು ನಿಮ್ಮ ಆದಾಯವೆಂದು ಎಣಿಸಿ ತೆರಿಗೆ ಹಾಕುತ್ತಾರೆ. ಆ ಪಾಲು 2025-26ರಲ್ಲಿ 3%, 2026-27ರಲ್ಲಿ 4%. 36,000 ಪೌಂಡಿನ ಕಾರಿಗೆ 4% ಎಂದರೆ 1,440. 40% ತೆರಿಗೆ ಕಟ್ಟುವವರಿಗೆ ಅದರ 40%, ಅಂದರೆ ವರ್ಷಕ್ಕೆ 576 ಪೌಂಡ್. ಆದರೆ ಸಂಬಳದ ಅಂಕಿ ಕಾಗದದ ಮೇಲೆ ಕಡಿಮೆಯಾಗುತ್ತದೆ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರು ಇದರಿಂದ ವೀಸಾಕ್ಕೆ ಕಂಪನಿ ತೋರಿಸಿದ ಸಂಬಳಕ್ಕೆ ತೊಂದರೆ ಆಗುತ್ತದೆಯೇ ಎಂದು ಸಹಿ ಹಾಕುವ ಮುಂಚೆ ಎಚ್‌ಆರ್‌ನಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಮನೆ ಸಾಲಕ್ಕೆ ಅರ್ಜಿ ಹಾಕುವವರೂ, ಹೆರಿಗೆ ರಜೆ ಹತ್ತಿರವಿರುವವರೂ ಲೆಕ್ಕ ಮಾಡಿ. ಕೆಲಸ ಬಿಟ್ಟರೆ ಕಾರು ವಾಪಸ್ ಕೊಡಲು ದಂಡ ಎಷ್ಟು ಎನ್ನುವ ಸಾಲು ಕರಾರಿನಲ್ಲಿ ಹುಡುಕಿ.

ಸಾಲದಲ್ಲಿ ಕೊಳ್ಳುವವರಿಗೆ ಇಲ್ಲಿನ ಕ್ರೆಡಿಟ್ ಚರಿತ್ರೆ ಇಲ್ಲದಿರುವುದೇ ಅಡ್ಡಿ. ಒಂದು ಸುಲಭದ ಉಪಾಯ: ಭಾರತೀಯ ಪೌರರು ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ವೀಸಾದ ಮೇಲೆ ಇಲ್ಲಿ ವಾಸವಿದ್ದರೂ ಮತದಾರರ ಪಟ್ಟಿಗೆ ಸೇರಬಹುದು. ಆ ಪಟ್ಟಿಯಲ್ಲಿ ಹೆಸರಿದ್ದರೆ ವಿಳಾಸ ಖಾತ್ರಿಯಾಗಿ ಸಾಲ ಸಿಗುವುದು ಸಲೀಸಾಗುತ್ತದೆ.

ಹೊಸ ಕಾರಿಗೆ 2025ರ ಜುಲೈನಲ್ಲಿ ಎಲೆಕ್ಟ್ರಿಕ್ ಕಾರ್ ಗ್ರಾಂಟ್ ಶುರುವಾಯಿತು: 37,000 ಪೌಂಡಿನೊಳಗಿನ ಆಯ್ದ ಕಾರುಗಳಿಗೆ 1,500 ಅಥವಾ 3,750 ಪೌಂಡ್. ನೀವು ಅರ್ಜಿ ಹಾಕಬೇಕಿಲ್ಲ, ಡೀಲರೇ ಬೆಲೆಯಲ್ಲಿ ಕಳೆಯುತ್ತಾರೆ. ರಸ್ತೆ ತೆರಿಗೆ ಇಲ್ಲ ಎಂಬುದು ಹಳೆಯ ಮಾತು. 2025ರ ಏಪ್ರಿಲ್‌ನಿಂದ ಮೊದಲ ವರ್ಷ 10 ಪೌಂಡ್, ಆಮೇಲೆ ವರ್ಷಕ್ಕೆ 195 ಎಂದು ಶುರುವಾಯಿತು. 2028ರ ಏಪ್ರಿಲ್‌ನಿಂದ ಮೈಲಿಗೆ 3 ಪೆನ್ಸ್ ತೆರಿಗೆಯೂ ಘೋಷಣೆಯಾಗಿದೆ. ಲಂಡನ್ನಿನ ನಡುಭಾಗಕ್ಕೆ ಕಾರು ತಂದರೆ ಕೊಡಬೇಕಾದ ಕಂಜೆಶನ್ ಚಾರ್ಜಿನ ಪೂರ್ತಿ ವಿನಾಯಿತಿ 2025ರ ಡಿಸೆಂಬರ್ 25ಕ್ಕೆ ಮುಗಿಯಿತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಚಾರ್ಜಿಂಗ್ ಮುಚ್ಚಳ ತೆರೆದು ನೋಡಿ. ಮೇಲೆ ಏಳು ತೂತಿನ ದುಂಡನೆಯದು ಟೈಪ್ 2. ಅದರ ಕೆಳಗೆ ಎರಡು ದಪ್ಪ ತೂತುಗಳಿದ್ದರೆ ಎರಡೂ ಸೇರಿ ಸಿಸಿಎಸ್. ಭಾರತದ ಹೊಸ ಕಾರುಗಳಲ್ಲಿ ಇರುವುದೂ ಇದೇ. ಹಳೆಯ ನಿಸಾನ್ ಲೀಫಿನಲ್ಲಿ ಇದರ ಬದಲು ಚಾಡೆಮೋ ಇರುತ್ತದೆ, ಹೊಸ ರಾಪಿಡ್ ಚಾರ್ಜರುಗಳಲ್ಲಿ ಅದು ಕಡಿಮೆಯಾಗುತ್ತಿದೆ. ಊರೊಳಗೆ ಓಡಾಡಲು ಆ ಕಾರು ಚೆನ್ನ, ದೂರದ ಪ್ರಯಾಣಕ್ಕೆ ಬೇಡ. ಹಳೆಯ ರೆನೋ ಜೋಯಿಯಲ್ಲಿ ಬ್ಯಾಟರಿ ಬೇರೆಯೇ ಬಾಡಿಗೆಗೆ ಇದ್ದದ್ದುಂಟು. ಕಾರು ನಿಮ್ಮದಾದರೂ ತಿಂಗಳ ಬಾಡಿಗೆ ಬೆನ್ನಿಗೆ ಬರುತ್ತದೆ, ಕಾಗದ ಕೇಳಿ. ಬಹುತೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,00,000 ಮೈಲಿ ವಾರಂಟಿ ಕೊಡುತ್ತವೆ. ಬ್ಯಾಟರಿಯ ಆರೋಗ್ಯದ ವರದಿ ಕೇಳಿ ಪಡೆಯಿರಿ. ಎಂಒಟಿ ಎಂಬ ವಾರ್ಷಿಕ ವಾಹನ ತಪಾಸಣೆಯ ಚರಿತ್ರೆ ಸರ್ಕಾರದ ತಾಣದಲ್ಲಿ ನಂಬರ್ ಹಾಕಿದರೆ ಪುಕ್ಕಟೆ ಸಿಗುತ್ತದೆ. ಹಿಂದಿನವರ ಸಾಲ ಬಾಕಿ ಇದೆಯೇ ಎಂದು ನೋಡಲು ಮಾತ್ರ ಕೆಲವು ಪೌಂಡ್ ಖರ್ಚು ಮಾಡಲೇಬೇಕು.

ದೂರದ ಪ್ರಯಾಣ

ಯುಗಾದಿ ಕಾರ್ಯಕ್ರಮಕ್ಕೆ ರೀಡಿಂಗಿನಿಂದ ಮ್ಯಾಂಚೆಸ್ಟರಿಗೆ ಹೊರಟಿದ್ದೀರಿ ಎನ್ನಿ, ಸುಮಾರು 200 ಮೈಲಿ. 60 ಯೂನಿಟ್ ಬ್ಯಾಟರಿ, ಇನ್ನೂ ಚಳಿ, ಗಂಟೆಗೆ 70 ಮೈಲಿ ವೇಗ. ಆಗ ಯೂನಿಟ್ಟಿಗೆ 2.8 ಮೈಲಿ ಸಿಕ್ಕರೆ ಅದೇ ಹೆಚ್ಚು. ಜಾಹೀರಾತಿನ ಮೈಲಿಯಲ್ಲಿ ಕಾಲು ಭಾಗ ಹೋಯಿತೆಂದೇ ಲೆಕ್ಕವಿಡಿ. 120 ಮೈಲಿಗೆ ನಿಂತರೆ 28% ಉಳಿದಿರುತ್ತದೆ. ಅಲ್ಲಿಂದ 80%ಗೆ ತುಂಬಲು ಸುಮಾರು ಅರ್ಧ ಗಂಟೆ, 23 ಪೌಂಡ್ ಆಸುಪಾಸು. ಡಬ್ಬಿಯ ಚಿತ್ರಾನ್ನ ತಿಂದು ಕಾಫಿ ಕುಡಿಯುವಷ್ಟರಲ್ಲಿ ಆಗುತ್ತದೆ. 80%ಗೇ ಹೊರಟುಬಿಡಿ, ಮುಂದೆ ಬ್ಯಾಟರಿ ತಾನಾಗಿಯೇ ವೇಗ ಇಳಿಸುತ್ತದೆ, ಕೊನೆಯ 20%ಗೆ ಇನ್ನೊಂದು ಅರ್ಧ ಗಂಟೆ ಹೋಗಬಹುದು.

2024ರ ನವೆಂಬರ್ 24ರಿಂದ 50 ಕಿಲೋವ್ಯಾಟ್ ಮತ್ತು ಮೇಲಿನ ಸಾರ್ವಜನಿಕ ಚಾರ್ಜರುಗಳಲ್ಲಿ ಕಾರ್ಡ್ ತಟ್ಟಿ ಹಣ ಕೊಡುವ ಸೌಲಭ್ಯ ಕಡ್ಡಾಯ, ಆ್ಯಪು ಬೇಕೇಬೇಕು ಎಂದೇನಿಲ್ಲ. ಕಾರ್ಡಿನಲ್ಲಿ ಮೊದಲು ಒಂದಷ್ಟು ಹೆಚ್ಚು ಹಣ ತಡೆಹಿಡಿದು ಆಮೇಲೆ ಬಿಡುತ್ತಾರೆ, ಹೆದರಬೇಡಿ. ಬೀದಿಯ ನಿಧಾನದ ಕಂಬಗಳಿಗೆ ಮಾತ್ರ ನಿಮ್ಮದೇ ಟೈಪ್ 2 ಕೇಬಲ್ ಡಿಕ್ಕಿಯಲ್ಲಿ ಇರಬೇಕು.

ದಿನನಿತ್ಯಕ್ಕೆ 80% ಸಾಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯ ಕಾರುಗಳಿಗೆ, ಉದಾಹರಣೆಗೆ 51 ಯೂನಿಟ್ಟಿನ ಎಂಜಿ4ಗೆ, ವಾರಕ್ಕೊಮ್ಮೆ 100% ತುಂಬಿಸಬೇಕು, ಇಲ್ಲದಿದ್ದರೆ ಉಳಿದ ಚಾರ್ಜಿನ ಅಂದಾಜು ತಪ್ಪುತ್ತದೆ.

ಬೇಸಿಗೆಯಲ್ಲಿ ಐದಾರು ವಾರ ಊರಿಗೆ ಹೋಗುವಾಗ ಕಾರನ್ನು 50–60%ಗೆ ಬಿಟ್ಟು, ಪ್ಲಗ್ ತೆಗೆದು, ಕಾವಲು ಕ್ಯಾಮೆರಾ ಆರಿಸಿ ಹೋಗಿ. ಅಲ್ಲಿಂದ ದಿನಾ ಆ್ಯಪ್ ತೆರೆದು ಕಾರು ಹೇಗಿದೆ ಎಂದು ನೋಡುತ್ತಿರಬೇಡಿ. ನೋಡಿದಾಗಲೆಲ್ಲ ಕಾರು ಎಚ್ಚರಗೊಂಡು ಸಣ್ಣ 12 ವೋಲ್ಟ್ ಬ್ಯಾಟರಿಯನ್ನು ಹೀರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಬಾಗಿಲೇ ತೆರೆಯದಿರಬಹುದು. ಕೀಲಿಯೊಳಗೆ ಅಡಗಿರುವ ಲೋಹದ ಕೀಲಿ ಎಲ್ಲಿದೆ, ಅದರಿಂದ ಯಾವ ಬಾಗಿಲು ತೆಗೆಯುತ್ತದೆ ಎಂದು ಹೊರಡುವ ಮುಂಚೆ ಒಮ್ಮೆ ನೋಡಿಕೊಂಡಿರಿ.