ಹಗ್ಗಕ್ಕೆ ಕಣ್ಣು ಹೆಣೆಯುವುದು: ತಂಡೇಲರ ಕೈಕೆಳಗೆ ಕಲಿತ ಕ್ರಮ

ಮಲ್ಪೆಯಲ್ಲಿ ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆ, ಹಗ್ಗಗಳ ದುರಸ್ತಿಯೆಲ್ಲ ಆಗಲೇ. ದಕ್ಕೆಗೆ ಬೋಟು ಕಟ್ಟುವ ಹಗ್ಗದ ತುದಿಗೆ ಕಣ್ಣು, ಅಂದರೆ ತುದಿಯನ್ನು ಹಿಂದಕ್ಕೆ ಮಡಚಿ ಅದೇ ಹಗ್ಗದೊಳಗೆ ಸೇರಿಸಿದ ಕುಣಿಕೆ, ಹೆಣೆಯುವುದನ್ನು ನಾನು ಬೋಟು ನಡೆಸುವ ಹಿರಿಯ ತಂಡೇಲರೊಬ್ಬರಿಂದ ಕಲಿತದ್ದೂ ರಜೆಯಲ್ಲೇ. ಗಂಟು ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಕುಣಿಕೆಗೆ ಹಾಕುವ ಬೌಲೈನ್ ಗಂಟು ಹಗ್ಗದ ಬಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ತಿಂದುಬಿಡುತ್ತದೆ. ಸರಿಯಾಗಿ ಹೆಣೆದ ಕಣ್ಣಿನಲ್ಲಿ ಸುಮಾರು ಶೇ. 90ರಷ್ಟು ಉಳಿಯುತ್ತದೆ.

18 ಮಿ.ಮೀ. ದಪ್ಪದ ಮೂರೆಳೆ ಹಗ್ಗವಾದರೆ ತುದಿಯಿಂದ ಒಂದೂವರೆ ಅಡಿ ಹುರಿ ಬಿಚ್ಚಬೇಕು. ಅದಕ್ಕೂ ಮೊದಲು ಬಿಚ್ಚು ನಿಲ್ಲುವ ಜಾಗದಲ್ಲಿ ದಾರ ಬಿಗಿಯಾಗಿ ಸುತ್ತಿ, ಇಲ್ಲದಿದ್ದರೆ ಹುರಿ ಮುಂದೆ ಮುಂದೆ ಸಡಿಲಾಗುತ್ತ ಹೋಗುತ್ತದೆ. ಎಳೆಗಳ ತುದಿಗೆ ಟೇಪು. ಕಣ್ಣಿನ ಉದ್ದ ಬೊಲ್ಲಾರ್ಡ್‌ನ (ದಕ್ಕೆಯಲ್ಲಿ ಹಗ್ಗ ಕಟ್ಟುವ ಗಿಡ್ಡ ಕಂಬ) ವ್ಯಾಸದ ಮೂರು ಪಟ್ಟಾದರೂ ಇರಲಿ. ಚಿಕ್ಕದಾದರೆ ಕಣ್ಣಿನ ಎರಡೂ ಬದಿ ಅಗಲಕ್ಕೆ ಜಗ್ಗಿ ಹೆಣಿಗೆಯ ಬುಡವೇ ಬಾಯಿಬಿಡುತ್ತದೆ.

ಕೆಲಸದ ಜೀವವೆಲ್ಲ ಮೊದಲ ಸುತ್ತಿನಲ್ಲಿದೆ. ಕಣ್ಣು ನಿಮ್ಮ ಕಡೆ, ಉದ್ದ ಹಗ್ಗ ಆಚೆ. ಬಿಚ್ಚಿದ ಮೂರರಲ್ಲಿ ನಡುವಿನ ಎಳೆಯನ್ನು ಉದ್ದ ಹಗ್ಗದ ಒಂದು ಎಳೆಯಡಿ ಬಲದಿಂದ ಎಡಕ್ಕೆ ತೂರಿಸಿ. ಎಡಗಡೆಯದು ಆ ಎಳೆಯ ಮೇಲೆ ಹಾದು ಎಡಕ್ಕಿರುವ ಮುಂದಿನದರಡಿ ಹೋಗಲಿ. ಈಗ ಮಗುಚಿ ಹಾಕಿ, ಉಳಿದದ್ದನ್ನು ಉಳಿದ ಎಳೆಯಡಿ ತೂರಿಸಿ. ಕೈ ತಪ್ಪುವುದು ಇಲ್ಲಿಯೇ: ಮಗುಚಿದ ಮೇಲೂ ದಿಕ್ಕು ಬಲದಿಂದ ಎಡಕ್ಕೇ. ಮೂರು ಸಂದಿನಿಂದ ಒಂದೊಂದೇ ಎಳೆ ಹೊರಬಂದಿರಬೇಕು. ಒಂದೇ ಸಂದಿನಲ್ಲಿ ಎರಡು ಕಂಡರೆ ಎಷ್ಟೇ ಬೇಸರವಾದರೂ ಬಿಚ್ಚಿ, ಮುಂದಿನ ಸುತ್ತುಗಳು ಅದನ್ನು ಸರಿಮಾಡವು.

ಆಮೇಲಿನ ಸುತ್ತುಗಳಲ್ಲಿ ಪ್ರತಿ ಎಳೆಯೂ ಒಂದರ ಮೇಲೆ, ಒಂದರ ಕೆಳಗೆ. ನಾರಿನ ಹಗ್ಗಕ್ಕೆ ಮೂರು ಸುತ್ತು ಸಾಕು. ನೈಲಾನ್, ಪಾಲಿಪ್ರೊಪಿಲೀನ್ ಜಾರುವುದರಿಂದ ಐದು ಬೇಕೇ ಬೇಕು. ಪ್ರತಿ ಸುತ್ತಿಗೂ ಮೂರನ್ನೂ ಸಮನಾಗಿ ಎಳೆಯಿರಿ. ಒಂದು ಹೆಚ್ಚು ಬಿಗಿಯಾದರೆ ಭಾರವೆಲ್ಲ ಅದರ ಮೇಲೆ ಬಿದ್ದು ಮೊದಲು ಅದೇ ಹರಿಯುತ್ತದೆ. ಉಳಿದ ತುದಿಗಳನ್ನು ಆಗಲೇ ಕತ್ತರಿಸಬೇಡಿ. ಹಗ್ಗ ಎಳೆಯುವ ಯಂತ್ರವಾದ ವಿಂಚಿನಲ್ಲಿ ನಿಧಾನಕ್ಕೆ ಜಗ್ಗಿ ಹೆಣಿಗೆ ಕೂತ ಮೇಲೆ, ಬೆರಳಗಲ ಬಿಟ್ಟು ಕತ್ತರಿಸಿ ಬೆಂಕಿ ತಾಗಿಸಿ.

ಕಟ್ಟುಹಗ್ಗಕ್ಕೆ ನನ್ನ ಆಯ್ಕೆ ನೈಲಾನ್. ಅದು ಹಿಗ್ಗಿ ಅಲೆಯ ಜರ್ಕನ್ನು ನುಂಗುತ್ತದೆ, ನೀರಿನಲ್ಲಿ ಮುಳುಗುತ್ತದೆ. ಪಾಲಿಪ್ರೊಪಿಲೀನ್ ತೇಲಿಕೊಂಡು ಬೋಟಿನ ಫ್ಯಾನಿಗೆ (ಪ್ರೊಪೆಲ್ಲರ್) ಸಿಕ್ಕಿಕೊಳ್ಳುತ್ತದೆ. ಆದರೆ ಹಿಗ್ಗಿದ ನೈಲಾನ್ ಹರಿದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಬೊಲ್ಲಾರ್ಡ್‌ನಲ್ಲಿ ಆಗಲೇ ಬೇರೆ ಬೋಟಿನ ಕಣ್ಣಿದ್ದರೆ ಅದರ ಮೇಲೆ ನಿಮ್ಮದನ್ನು ಹೇರಬೇಡಿ. ನಿಮ್ಮ ಕಣ್ಣನ್ನು ಅದರೊಳಗೆ ಕೆಳಗಿನಿಂದ ಮೇಲಕ್ಕೆ ತೂರಿಸಿ ಬೊಲ್ಲಾರ್ಡ್‌ನ ತಲೆಗೆ ಹಾಕಿ. ಆಗ ಯಾವ ಬೋಟು ಮೊದಲು ಹೊರಟರೂ ಇನ್ನೊಂದರ ಹಗ್ಗ ಬಿಚ್ಚಬೇಕಿಲ್ಲ.