ಆರು-ಏಳನೇ ಕ್ಲಾಸಿಗೆ ಅಂಗವೈಕಲ್ಯದ ಪಾಠ ಮಾಡುದು ಹೇಗೆ: ಕಣ್ಣಿಗೆ ಕರ್ಚೀಫ್ ಬೇಡ, ಕೈಗೆ ಟೇಪ್ ಕೊಡಿ

ಡಿಸೆಂಬರ್ 3 ಹತ್ರ ಬಂತು ಅಂದ್ರೆ ಸಾಕು, ಉಡುಪಿ ಮಂಗಳೂರು ಕಡೆ ಸುಮಾರು ಶಾಲೆಗಳಲ್ಲಿ ವಿಶೇಷಚೇತನರ ದಿನ ಅಂತ ಒಂದು ಪ್ರೋಗ್ರಾಂ ಆಗ್ತದೆ. ಪ್ರಾರ್ಥನೆ, ಭಾಷಣ, ಮಕ್ಕಳ ಕಣ್ಣಿಗೆ ಕರ್ಚೀಫ್ ಕಟ್ಟಿ ಕಾರಿಡಾರಲ್ಲಿ ನಡೆಸುದು, ಕೊನೆಗೊಂದು ಲಾಡು. ಆ ಕರ್ಚೀಫ್ ಐಟಂ ಒಂದನ್ನು ದಯವಿಟ್ಟು ಬಿಟ್ಬಿಡಿ ಮಾರಾಯ್ರೆ. ಮಗು ಐದು ನಿಮಿಷ ತಡಕಾಡಿ ಹೆದರ್ತದೆ, ಬಿಚ್ಚಿದ ಕೂಡ್ಲೆ "ಅಬ್ಬ, ನಂಗೆ ಹಾಗಿಲ್ಲ ದೇವ್ರೇ" ಅಂತ ಉಸಿರು ಬಿಡ್ತದೆ, ಅಲ್ಲಿಗೆ ಮುಗೀತು. ವರ್ಷಗಟ್ಟಲೆ ಕೋಲು ಹಿಡಿದು ಓಡಾಡಿದವರು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಊರ ಹೆಸರು ಕೂಗುದನ್ನೇ ಕೇಳಿಕೊಂಡು ಕರೆಕ್ಟಾಗಿ ತಮ್ಮ ಬಸ್ ಹತ್ತಿಕೊಂಡು ಹೋಗ್ತಾರಲ್ಲ, ಆ ಅಭ್ಯಾಸ ಆ ಜಾಣತನ ಎಂತದೂ ಈ ಆಟದಲ್ಲಿ ಮಕ್ಕಳಿಗೆ ಕಾಣುದಿಲ್ಲ. ಉಳಿಯುದು ಅಯ್ಯೋ ಪಾಪ ಒಂದೇ.

ಬದಲಿಗೆ ಎಂತ ಮಾಡ್ಬಹುದು ಅಂದ್ರೆ, ಅಡ್ಡಿ ಎಲ್ಲಿ ಉಂಟು ಅಂತ ಹುಡುಕ್ಲಿಕ್ಕೆ ಕಲಿಸಿ. ಒಂದು ಅಳತೆ ಟೇಪ್, ನೋಟ್‌ಬುಕ್, ನಾಲ್ಕು ನಾಲ್ಕು ಮಕ್ಕಳ ಗುಂಪು, ಅಷ್ಟೇ ಸಾಮಾನು. ಗೇಟಿನಿಂದ ಕ್ಲಾಸಿನ ತನಕ, ಕ್ಲಾಸಿನಿಂದ ಟಾಯ್ಲೆಟ್ಟಿಗೆ, ನೀರಿನ ನಳ್ಳಿಗೆ, ಬಿಸಿಯೂಟದ ಜಾಗಕ್ಕೆ ಒಂದು ವೀಲ್‌ಚೇರ್ ಹೋಗ್ತದಾ ಅಂತ ನೋಡಿಕೊಂಡು ಬರ್ಲಿ. ನಮ್ಮ ಶಾಲೆಗಳು ವೋಟಿನ ಬೂತ್ ಆಗುದ್ರಿಂದ ಎಷ್ಟೋ ಕಡೆ ರ್‍ಯಾಂಪ್ ಇರ್ತದೆ, ಆದ್ರೆ ಅದ್ರ ಮೇಲೆ ಹೂವಿನ ಚಟ್ಟಿಯೋ ಯಾರದ್ದೋ ಬೈಕೋ ನಿಂತಿರ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿ ಕಾಲು ಗಟ್ಟಿ ಇದ್ದವರೂ ಜಾರ್ತಾರೆ. ಕೆಲವು ಕಡೆ ರ್‍ಯಾಂಪ್ ವರಾಂಡಕ್ಕೆ ಮುಟ್ಟುದು, ಟಾಯ್ಲೆಟ್ಟಿಗೆ ಮಾತ್ರ ಎರಡು ಮೆಟ್ಟಿಲು ಇಳೀಬೇಕು.

ಇಲ್ಲೇ ಗಣಿತದ ಪಾಠವನ್ನೂ ಮುಗಿಸಿಕೊಳ್ಳಿ. ರ್‍ಯಾಂಪಿನ ಇಳಿಜಾರು 1:12 ಇರ್ಬೇಕು, ಅಂದ್ರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ವರಾಂಡ 45 ಸೆಂಟಿಮೀಟರ್ ಎತ್ತರ ಇದ್ರೆ ರ್‍ಯಾಂಪ್ 540 ಸೆಂಟಿಮೀಟರ್, ಹತ್ರ ಹತ್ರ ಐದೂವರೆ ಮೀಟರ್ ಬೇಕು. ಅನುಪಾತ ಅಂದ್ರೆ ಎಂತ ಅಂತ ಬೋರ್ಡಲ್ಲಿ ನೂರು ಸಲ ಬರೆದ್ರೂ ತಲೆಗೆ ಹೋಗದವನು ಶಾಲೆಯ ರ್‍ಯಾಂಪಿಗೆ ಟೇಪ್ ಹಿಡಿದು "ಟೀಚರ್, ಇದು ಎರಡೇ ಮೀಟರ್ ಉಂಟು, ಇದ್ರಲ್ಲಿ ಹತ್ತುದು ಹೇಗೆ, ಹಿಂದೆ ಬೀಳುದೇ" ಅಂತ ಹೇಳ್ತಾನೆ ನೋಡಿ, ಅವತ್ತಿಗೆ ಎರಡು ಪಾಠ ಒಟ್ಟಿಗೆ ಆಯ್ತು. ಯಾವ ಮಗುವೂ ಕಾಲಿಂದ ತೊಂದ್ರೆ ಅನ್ನುದಿಲ್ಲ, ಸಿಮೆಂಟ್ ಹಾಕಿದವ್ರಿಗೆ ಬೈತದೆ.

ಕಿವಿಯ ವಿಷಯಕ್ಕೆ ಜೂನ್ ತಿಂಗಳೇ ಬೆಸ್ಟ್. ಶೀಟಿನ ಮಾಡಿನ ಮೇಲೆ ನಮ್ಮ ಊರಿನ ಮಳೆ ಧೋ ಅಂತ ಶುರುವಾದ್ರೆ ಮುಂದಿನ ಬೆಂಚಿಗೂ ಟೀಚರ್ ಸ್ವರ ಕೇಳುದಿಲ್ಲ. ಕಿರುಚಿ ಗಂಟಲು ಹಾಳು ಮಾಡ್ಬೇಡಿ. ಪಾಠ ನಿಲ್ಲಿಸದೆ ಹಾಗೇ ಮುಂದುವರಿಸಿ, ಬೋರ್ಡಿಗೆ ಮುಖ ಮಾಡಿಕೊಂಡೇ ಮಾತಾಡಿ, ನಡುವೆ ಒಂದು ಜೋಕ್ ಹೇಳಿ ಎದುರಿನ ಇಬ್ರು ನಗ್ಲಿ, ಹಿಂದಿನವರು "ಎಂತ ಎಂತ" ಅಂತ ಕೇಳಿದ್ರೆ "ಏನಿಲ್ಲ, ಮತ್ತೆ ಹೇಳ್ತೇನೆ" ಅನ್ನಿ. ಮಳೆ ನಿಂತ ಮೇಲೆ ಕೇಳಿ, ಆಗ ಹೇಗೆ ಅನಿಸ್ತು, ಎಂತ ಮಾಡಿದ್ರೆ ಪಾಠ ಅರ್ಥ ಆಗ್ತಿತ್ತು. ಬೋರ್ಡಲ್ಲಿ ಬರೀಬೇಕಿತ್ತು, ನಮ್ಮ ಕಡೆ ತಿರುಗಿ ಮಾತಾಡ್ಬೇಕಿತ್ತು, ಜೋಕ್ ಎಲ್ಲರಿಗೂ ಹೇಳ್ಬೇಕಿತ್ತು ಅಂತ ಮಕ್ಕಳೇ ಹೇಳ್ತಾರೆ. ಕಿವಿ ಕೇಳದ ಮಗುವಿಗೆ ಕ್ಲಾಸಲ್ಲಿ ಬೇಕಾದ ಮೊದಲ ಮೂರು ವಿಷಯ ಅವೇ. ಇದೂ ಒಂಥರಾ ಕರ್ಚೀಫ್ ಆಟವೇ ಅಲ್ವಾ ಅಂತ ಕೇಳ್ಬಹುದು, ಆದ್ರೆ ಇಲ್ಲಿ ಮಕ್ಕಳು ಹೆದರಿ ಪಾಪ ಅನ್ನುದಿಲ್ಲ, ಟೀಚರ್ ಮೇಲೆ ಸಿಟ್ಟು ಮಾಡ್ತಾರೆ, ಆ ಸಿಟ್ಟು ಬೇಕು.

ಸೈನ್ ಭಾಷೆ ಅಂದ್ರೆ ಕನ್ನಡವನ್ನೇ ಕೈಯಲ್ಲಿ ಮಾಡಿ ತೋರಿಸುದು ಅಂತ ಎಷ್ಟೋ ಜನ ದೊಡ್ಡವರೇ ಅಂದ್ಕೊಂಡಿದ್ದಾರೆ. ಇಂಡಿಯನ್ ಸೈನ್ ಲ್ಯಾಂಗ್ವೇಜಿಗೆ ಅದ್ರದ್ದೇ ವ್ಯಾಕರಣ ಉಂಟು. ಇಂಗ್ಲಿಷ್ ಅಕ್ಷರಗಳನ್ನು ನಮ್ಮಲ್ಲಿ ಎರಡು ಕೈಯಲ್ಲಿ ಮಾಡ್ತಾರೆ, ಅಮೆರಿಕದವ್ರು ಒಂದೇ ಕೈಯಲ್ಲಿ, ಹಾಗಾಗಿ ಯೂಟ್ಯೂಬಲ್ಲಿ ಸಿಕ್ಕಿದ್ದು ಕಲಿಸುವ ಮೊದಲು ಯಾವ ದೇಶದ್ದು ಅಂತ ನೋಡಿ. ಸರ್ಕಾರದ ಸೈನ್ ಲ್ಯಾಂಗ್ವೇಜ್ ಡಿಕ್ಷನರಿಯೇ ಉಂಟು, 2021ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ 10,000 ಪದ, ಫ್ರೀ.

ಬ್ರೈಲ್ ಕಲಿಸ್ಲಿಕ್ಕೆ ಗಟ್ಟಿ ಕಾಗದ, ಫೆವಿಕಾಲ್, ಸಾಬಕ್ಕಿ ಸಾಕು. ಆರು ಚುಕ್ಕಿ, ಎಡಕ್ಕೆ ಮೂರು ಬಲಕ್ಕೆ ಮೂರು. ಮೇಲಿನ ಎಡದ ಚುಕ್ಕಿ ಒಂದೇ ಇದ್ರೆ ಅ, ಅದ್ರ ಜೊತೆ ಕೆಳಗಿನ ಎಡದ್ದೂ ಇದ್ರೆ ಕ. ನಮ್ಮ ದೇಶದ ಭಾಷೆಗಳಿಗೆ ಒಟ್ಟಿಗೆ ಮಾಡಿದ ಭಾರತಿ ಬ್ರೈಲ್ ಆದ್ದರಿಂದ ಹಿಂದಿಯ ಕ ಕೂಡ ಅದೇ ಚುಕ್ಕಿ, ಇದು ಮಕ್ಕಳಿಗೆ ಭಾರೀ ಖುಷಿ ಕೊಡ್ತದೆ. ಬ್ರೈಲ್ ಸ್ಲೇಟು, ಚುಚ್ಚುವ ಮೊಳೆ ಹಿಡಿದು ಬರೆಯುವವರು ಬಲದಿಂದ ಎಡಕ್ಕೆ ತಿರುಗಾ ಬರೆದು, ಕಾಗದ ಮಗುಚಿ ಎಡದಿಂದ ಬಲಕ್ಕೆ ಓದ್ತಾರೆ ಅಂದ್ರೆ ಅರ್ಧ ಗಂಟೆ ಆ ಕ್ಲಾಸಲ್ಲಿ ಗಲಾಟೆಯೇ. ಜೇಬಲ್ಲಿ ಹೊಸ ನೋಟು ಇದ್ರೆ ಅಂಚು ಸವರ್ಲಿಕ್ಕೆ ಹೇಳಿ, ನೂರರ ನೋಟಲ್ಲಿ ಬದಿಗೆ ನಾಲ್ಕು ಉಬ್ಬು ಗೆರೆ, ಐನೂರರಲ್ಲಿ ಐದು. ಹಳೆ ನೋಟಲ್ಲಿ ಅದು ಸವೆದು ಹೋಗಿರ್ತದೆ, ಹಾಗಾದ್ರೆ ಎಂತ ಮಾಡುದು ಅಂತ ಅವ್ರೇ ಚರ್ಚೆ ಮಾಡ್ಲಿ.

ಈ ವಯಸ್ಸಿನವ್ರಿಗೆ ಎಲ್ಲಕ್ಕಿಂತ ದೊಡ್ಡ ವಿಷಯ ನ್ಯಾಯ. "ಅವನಿಗೆ ಮಾತ್ರ ಎಕ್ಸಾಮಲ್ಲಿ ಎಕ್ಸ್ಟ್ರಾ ಟೈಮ್ ಯಾಕೆ?" ಅಂತ ಕೇಳಿಯೇ ಕೇಳ್ತಾರೆ. ಸುಮ್ನಿರಿ ಅಂತ ಬಾಯಿ ಮುಚ್ಚಿಸ್ಬೇಡಿ, ಒಳ್ಳೆ ಪ್ರಶ್ನೆ ಅದು. ಗಂಟೆಗೆ ಕಡಿಮೆ ಅಂದ್ರೆ 20 ನಿಮಿಷ ಹೆಚ್ಚು ಕೊಡ್ಬೇಕು ಅಂತ ಕೇಂದ್ರದ ಗೈಡ್‌ಲೈನ್ ಉಂಟು, ಮೂರು ಗಂಟೆ ಪರೀಕ್ಷೆಗೆ ಒಂದು ಗಂಟೆ. ಡಿಸ್ಲೆಕ್ಸಿಯಾ ಇದ್ದವನಿಗೆ ಪ್ರಶ್ನೆ ಓದ್ಲಿಕ್ಕೇ ಆ ಟೈಮ್ ಹೋಗ್ತದೆ, ಉತ್ತರ ಅವನಿಗೂ ಗೊತ್ತುಂಟು. ಆಮೇಲೆ ಕೇಳಿ: ಈ ಪರೀಕ್ಷೆ ಅಳೀಬೇಕಾದ್ದು ವಿಜ್ಞಾನವನ್ನಾ ಸ್ಪೀಡನ್ನಾ? ಜಗಳ ಆಗ್ತದೆ, ಆಗ್ಲಿ. ಇದ್ರ ಜೊತೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಉಂಟು, ಹಳೆ 1995ರ ಕಾಯ್ದೆಯಲ್ಲಿ 7 ಮಾತ್ರ ಇತ್ತು ಅಂತ ಹೇಳಿ, ಎಷ್ಟು ಗೊತ್ತು ಬರೀರಿ ಅನ್ನಿ. ಆರೇಳಕ್ಕೆ ಪೆನ್ ನಿಲ್ತದೆ. ಥಲಸ್ಸೆಮಿಯಾ, ಹಿಮೊಫಿಲಿಯಾ, ಮಾನಸಿಕ ಕಾಯಿಲೆ, ಆಟಿಸಂ, ನೋಡಿದ್ರೆ ಗೊತ್ತೇ ಆಗದ್ದು ಎಷ್ಟುಂಟು ಅಂತ ಆಗ ತಿಳೀತದೆ.

ನಮ್ಮ ಕಡೆ ಮಕ್ಕಳಿಗೆ ಯಕ್ಷಗಾನ ಗೊತ್ತಿರ್ತದೆ, ಅದನ್ನು ಬಿಡ್ಬೇಡಿ. ಮಂಥರೆಯ ಬೆನ್ನಿನ ಗೂನು ಕಂಡ ಕೂಡ್ಲೆ ಎದುರು ಕೂತವ್ರು ನಗ್ತಾರೆ, ಕೆಟ್ಟವಳು ಅಂತ ಗೊತ್ತಾಗ್ತದೆ, ಯಾಕೆ? ಧೃತರಾಷ್ಟ್ರ ದೊಡ್ಡವನಾದ್ರೂ ಕಣ್ಣಿಲ್ಲ ಅಂತ ಪಾಂಡುವಿಗೆ ಪಟ್ಟ ಆಯ್ತು, ಅದು ಸರಿಯಾ? ಜನಕನ ಸಭೆಯಲ್ಲಿ ಅಷ್ಟಾವಕ್ರನನ್ನು ನೋಡಿ ನಕ್ಕವ್ರು ಪಂಡಿತರೇ. ಉತ್ತರ ನೀವು ಹೇಳ್ಬೇಡಿ, ಬಣ್ಣದ ವೇಷದ (ರಾಕ್ಷಸ ಪಾತ್ರದ) ಫ್ಯಾನ್ ಒಬ್ಬ ಕ್ಲಾಸಲ್ಲಿ ಇದ್ದೇ ಇರ್ತಾನೆ, ಅವನೇ ವಾದ ಮಾಡ್ತಾನೆ. ರಿಸೆಸಲ್ಲಿ ಹಾರಾಡುವ ಮರ್ಲ (ತುಳುವಲ್ಲಿ ಹುಚ್ಚ), ಮೆಂಟಲ್, ಕುಂಟ ಇತ್ಯಾದಿಗೂ ಇದೇ ಹೊತ್ತಲ್ಲಿ ಬನ್ನಿ, ಉಪದೇಶ ಬೇಡ, ಯಾರು ಯಾರಿಗೆ ಯಾವಾಗ ಹೇಳ್ತಾರೆ ಅಂತ ಅವ್ರೇ ಪಟ್ಟಿ ಮಾಡ್ಲಿ.

ಆಟಕ್ಕೆ ಬಂದ್ರೆ ಬ್ಲೈಂಡ್ ಕ್ರಿಕೆಟ್ ತೋರಿಸಿ. ಬಾಲ್ ಒಳಗೆ ಗಲಗಲ ಶಬ್ದ, ಬೌಲರ್ ರೆಡಿ ಅಂತ ಕೇಳಿಯೇ ಎಸೀಬೇಕು, ಪೂರ್ತಿ ಕಾಣದವರ ರನ್ ಡಬಲ್. 2012ರಲ್ಲಿ ಬೆಂಗಳೂರಲ್ಲಿ ಮೊದಲ ಟಿ20 ವರ್ಲ್ಡ್ ಕಪ್ ಗೆದ್ದ ತಂಡದ ಕ್ಯಾಪ್ಟನ್ ನಮ್ಮ ಶಿವಮೊಗ್ಗದ ಶೇಖರ್ ನಾಯ್ಕ್. ಆಮೇಲೆ ಲಗೋರಿಗೆ ರೂಲ್ಸ್ ಬದಲಾಯಿಸಿ, ಕ್ಲಾಸಿನ ಎಲ್ಲರೂ ಆಡುವ ಹಾಗೆ ಮಾಡಿ ಅಂತ ಬಿಡಿ. "ಪಾಪ ಅವನನ್ನು ಔಟ್ ಮಾಡುದು ಬೇಡ" ಅನ್ನುವ ರೂಲ್ ಯಾರಾದ್ರೂ ತಂದ್ರೆ ಅದನ್ನು ಕ್ಯಾನ್ಸಲ್ ಮಾಡಿ, ಔಟ್ ಆಗುದೂ ಹಕ್ಕೇ.

ಒಂದು ಜಾಗ್ರತೆ. ಕ್ಲಾಸಲ್ಲೇ ವೈಕಲ್ಯ ಇರುವ ಮಗು ಉಂಟಾದ್ರೆ ಅದನ್ನು ಉದಾಹರಣೆ ಮಾಡ್ಬೇಡಿ, ಎದ್ದು ನಿಲ್ಲಿಸಿ "ನಿನ್ನ ಅನುಭವ ಹೇಳು" ಅನ್ನುದಂತೂ ಬೇಡವೇ ಬೇಡ. ಪಾಠದ ಒಂದು ವಾರ ಮೊದಲು ಆ ಮಗುವಿನ ಹತ್ರ, ಮನೆಯವರ ಹತ್ರ ಬೇರೆಯಾಗಿ ಮಾತಾಡಿ, ಎಂತ ಹೇಳ್ಬಹುದು ಎಂತ ಬೇಡ ಅಂತ ಕೇಳಿ. ಸರ್ಕಾರಿ ಶಾಲೆಯವ್ರಾದ್ರೆ ಬಿಆರ್‌ಸಿಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿ, ಅಂದ್ರೆ ವೈಕಲ್ಯ ಇರುವ ಮಕ್ಕಳ ಕಲಿಕೆ ನೋಡಿಕೊಳ್ಳುವ ಟೀಚರ್ ಹತ್ರ ಕೇಳ್ಬಹುದು, ಅವ್ರ ಕೆಲಸವೇ ಅದು. ಹೊರಗಿನಿಂದ ಯಾರನ್ನಾದ್ರೂ ಕರೆಯುದಾದ್ರೆ ಮೊದಲು ಸಭೆ ಮೇಲಿನ ಮಾಳಿಗೆಯಲ್ಲಿ ಇಟ್ಟಿದ್ದೀರಾ ನೋಡಿ, ಬಸ್ಸಿನ ಖರ್ಚು ಗೌರವಧನ ಕೊಡಿ, ಅವ್ರ ಕೆಲಸದ ಬಗ್ಗೆ ಮಾತಾಡ್ಲಿ, ಕಣ್ಣೀರಿನ ಕಥೆ ಕೇಳ್ಬೇಡಿ.

ಟೇಪ್ ಹಿಡಿದ ದಿನದ ಪಟ್ಟಿಯನ್ನು ಮಾತ್ರ ಕಪಾಟಿಗೆ ಹಾಕ್ಬೇಡಿ. ಖರ್ಚಿಲ್ಲದ್ದು ಒಂದು ಕಡೆ, ದುಡ್ಡು ಬೇಕಾದ್ದು ಇನ್ನೊಂದು ಕಡೆ ಬರೆಸಿ. ದುಡ್ಡಿನದ್ದನ್ನು ಮಕ್ಕಳೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಅಳತೆ ಸಮೇತ ಓದ್ಲಿ, ಪಾಚಿ ಉಜ್ಜುದು, ಚಟ್ಟಿ ಸರಿಸುದು, ರ್‍ಯಾಂಪಿನ ಮೇಲೆ ಬೈಕ್ ಇಟ್ಟವ್ರಿಗೆ ಹೋಗಿ ಹೇಳುದು ಶನಿವಾರ ಮಧ್ಯಾಹ್ನದೊಳಗೆ ಆಗ್ತದೆ. ಬೈಕ್ ಹೆಡ್ಮಾಸ್ಟರದ್ದೇ ಆಗಿದ್ರೆ ಇಬ್ರು ಧೈರ್ಯ ಇದ್ದವ್ರನ್ನು ಕಳಿಸಿ.